ಒಳಗಿನ ಹೊಲಿಗೆ ನೋಡುವ ವೈನಿ

ಅವರ ಹೆಸರನ್ನು ಬರೆಯುವುದಿಲ್ಲ. ಬರೆದರೆ ಶಿಕಾಗೋದಿಂದ ಡೆಟ್ರಾಯಿಟ್‌ವರೆಗಿನ ಕನ್ನಡದ ಮನೆಗಳಲ್ಲಿ ಅರ್ಧ ಜನ "ನಮ್ಮ ಮದುವೆ ಕುದುರಿಸಿದವರು" ಎಂದಾರು, ಇನ್ನರ್ಧ ಜನ "ನಮ್ಮ ಮದುವೆ ತಪ್ಪಿಸಿದವರು" ಎಂದಾರು. ಎರಡೂ ನಿಜವಲ್ಲ. ಅವರು ಬರೀ ಹೋಗಿ ನೋಡಿ ಬರುತ್ತಿದ್ದರು.

ನಾವೆಲ್ಲ ಅವರನ್ನು ವೈನಿ ಎನ್ನುತ್ತಿದ್ದೆವು. ಧಾರವಾಡದ ಕಡೆ ಅಣ್ಣನ ಹೆಂಡತಿಯನ್ನು ಹಾಗೆ ಕರೆಯುತ್ತಾರೆ. ಮೈಸೂರಿನವಳಾದ ನನ್ನ ಬಾಯಿಗೆ ಆ ಶಬ್ದ ಮೊದಲು ಹತ್ತಲಿಲ್ಲ, ಎಲ್ಲರಿಗೂ ಹೇಳುವ ಹಾಗೆ ಆಂಟಿ ಎಂದೆ. "ಆಂಟಿ ಅನಬ್ಯಾಡ. ಗ್ರೋಸರಿ ಅಂಗಡ್ಯಾಗ ಬಿಲ್ ಮಾಡೋ ಹುಡುಗ ಕರದಂಗ ಆಗ್ತದ," ಎಂದು ಮುಖ ಗಂಟಿಕ್ಕಿದರು. ಅವರು ಮಾತ್ರ ನನ್ನನ್ನು ಕೊನೆಯವರೆಗೂ "ಏ ಮೈಸೂರು" ಎಂದೇ ಕೂಗಿದರು. ಹೆಸರು ಬರೆಯದಿರಲು ಇನ್ನೊಂದು ಕಾರಣ ಅವರ ಮಗಳು. ಇಲ್ಲೇ ಹುಟ್ಟಿ ಬೆಳೆದವಳು, ಅವಳಿಗೆ ಕನ್ನಡ ಓದಲು ಬರುವುದಿಲ್ಲ. ಆ ಧೈರ್ಯದ ಮೇಲೆಯೇ ಇದನ್ನು ಬರೆಯಲು ಕೂತಿದ್ದೇನೆ. ಆ ಧೈರ್ಯ ಈಗ ಬೇಕೋ ಬೇಡವೋ ಎಂಬುದು ಬೇರೆ ಮಾತು.

ಡೆಟ್ರಾಯಿಟ್ ಪಕ್ಕದ ನೋವೈನಲ್ಲಿ ನಮ್ಮದು ಅಕ್ಕಪಕ್ಕದ ಮನೆ. ಅವರ ಯಜಮಾನರು ಕಾರು ಕಂಪನಿಯ ಇಂಜಿನಿಯರ್, ನಾವು ಆ ಬಡಾವಣೆಗೆ ಬರುವ ಮೊದಲೇ ತೀರಿಕೊಂಡಿದ್ದರು. ವೈನಿ ಕಾರಿನ ಸೀಟು ತಯಾರಿಸುವ ಕಾರ್ಖಾನೆಯಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್. ದಿನವಿಡೀ ಸೀಟಿನ ಹೊಲಿಗೆ ನೋಡುವ ಕೆಲಸ. ಮನೆಗೆ ಬಂದರೂ ಆ ಕೆಲಸ ಅವರನ್ನು ಬಿಡುತ್ತಿರಲಿಲ್ಲ. ಯಾರ ಮನೆಗೇ ಹೋಗಲಿ, ಸೋಫಾದ ದಿಂಬು, ಮೇಜಿನ ಹಾಸು, ಕಡೆಗೆ ನಾನು ಉಟ್ಟ ಸೀರೆಯ ಸೆರಗಾದರೂ ಸರಿ, ತುದಿ ಹಿಡಿದು ಮಗುಚಿ, ಹೆಬ್ಬೆರಳಿನಿಂದ ಒಳಬದಿಯನ್ನು ಸವರಿ ನೋಡುತ್ತಿದ್ದರು. "ಮ್ಯಾಲಿನ ಹೊಲಿಗಿ ಎಲ್ಲಾರೂ ಛಂದ ಹಾಕ್ತಾರ. ಒಳಗಿಂದು ನೋಡಬೇಕು," ಎನ್ನುವುದು ಅವರ ಮಾತು.

ಅದಕ್ಕೇ ಇರಬೇಕು, ನಮ್ಮಲ್ಲಿ ಯಾರ ಮನೆಯಲ್ಲಿ ಸಂಬಂಧ ಕೂಡಿಬಂದರೂ ಮೊದಲ ಫೋನು ವೈನಿಗೆ. "ಸ್ವಲ್ಪ ಹಿಂದೆ ಮುಂದೆ ವಿಚಾರಿಸಿ ವೈನಿ," ಎನ್ನುತ್ತಿದ್ದರು. ಊರಿನಲ್ಲಾದರೆ ಈ ಕೆಲಸಕ್ಕೆ ಸೋದರಮಾವಂದಿರು, ಪುರೋಹಿತರು, ಪಕ್ಕದ ಮನೆಯವರು ಎಂದು ಒಂದು ಪಡೆಯೇ ಇರುತ್ತದೆ. ಇಲ್ಲಿ ವೈನಿ ಒಬ್ಬರೇ. ಒಮ್ಮೆ ಶಿಕಾಗೋ ಹತ್ತಿರದ ಶಾಮ್‌ಬರ್ಗಿನ ಹುಡುಗನೊಬ್ಬನನ್ನು ನೋಡಲು ಮುನ್ನೂರು ಮೈಲಿ ಡ್ರೈವ್ ಮಾಡಿಕೊಂಡು ಹೋದರು. ಅವನ ಅಪಾರ್ಟ್‌ಮೆಂಟಿನ ಆಫೀಸಿನಲ್ಲಿ ಬಾಡಿಗೆಗೆ ಮನೆ ಬೇಕು ಎಂದು ಹೇಳಿ, ಮನೆ ನೋಡುವ ನೆಪದಲ್ಲಿ ಒಂದು ಮಧ್ಯಾಹ್ನವೆಲ್ಲ ಅಲ್ಲೇ ಸುತ್ತಾಡಿದರು. ಊಟ ತಡವಾಗಿ ತಂದವನ ಮೇಲೆ ಆ ಹುಡುಗ ಕೂಗಾಡಿದ್ದನ್ನು ಕಂಡರು. ಹೊಟ್ಟೆ ತುಂಬಿದ ಮೇಲೆ ಅವನೇ ಕೆಳಗಿಳಿದು, ಸಾರಿ ಕೇಳಲು ಊಟ ತಂದವನನ್ನು ಪಾರ್ಕಿಂಗ್ ಲಾಟಿನಲ್ಲೆಲ್ಲ ಹುಡುಕಿದ್ದನ್ನೂ ಕಂಡರು. ಬಂದು ಹುಡುಗಿಯ ಅಪ್ಪನಿಗೆ ಹೇಳಿದ್ದು ಇಷ್ಟೇ: "ಹಸದಾಗ ಹುಲಿ, ಉಂಡ ಮ್ಯಾಲೆ ಆಕಳ. ಇಬ್ಬರಾಗ ಯಾರರೆ ಒಬ್ಬರು ಹೊತ್ತಿಗೆ ಸರಿಯಾಗಿ ಅಡಗಿ ಮಾಡ್ತಾರಂದ್ರ ಅಡ್ಡಿಯಿಲ್ಲ." ಆ ಗಂಡ ಹೆಂಡತಿ ಈಗಲೂ ಶಾಮ್‌ಬರ್ಗಿನಲ್ಲೇ ಚೆನ್ನಾಗಿದ್ದಾರೆ. ಅವರ ಕಾರಿನಲ್ಲಿ ಯಾವಾಗಲೂ ಒಂದು ಡಬ್ಬಿ ಚಕ್ಕುಲಿ ಇರುತ್ತದೆ.

ವರದಿ ಎಂದರೆ ಹಾಗೆ, ಒಂದೆರಡು ಮಾತು. ಮಾಡಿ ಎಂದೂ ಇಲ್ಲ, ಬಿಡಿ ಎಂದೂ ಇಲ್ಲ.

ಊರಿಗೆಲ್ಲ ಬೇಕಾದ ಈ ವಿದ್ಯೆ ಸ್ವಂತ ಮಗಳಿಗೆ ಮಾತ್ರ ಕಂಡರಾಗದು. ಅವಳು ಕಾಲೇಜಿನಲ್ಲಿದ್ದಾಗ ಯಾರೋ ಹುಡುಗನ ಜೊತೆ ಓಡಾಡುತ್ತಿದ್ದಳು. ವೈನಿ ಬಾಡಿಗೆ ಮನೆಯ ನೆಪವನ್ನೇ ಹಿಡಿದು ಅವನಿರುವಲ್ಲಿಗೆ ಹೋಗಿ ಸಿಕ್ಕಿಬಿದ್ದರು. ಹುಡುಗ ಆ ವಾರವೇ ದೂರವಾದ. ಮಗಳು ಒಂದು ವರ್ಷ ತಾಯಿಯ ಜೊತೆ ಮಾತು ಬಿಟ್ಟಳು. ಆ ವರ್ಷದ ದೀಪಾವಳಿಗೆ ವೈನಿ ನಮ್ಮ ಮನೆಗೆ ಊಟಕ್ಕೆ ಬಂದು, ಒಂದು ತುತ್ತೂ ಇಳಿಯದೆ, ತಟ್ಟೆಯಲ್ಲೇ ಕೈ ತೊಳೆದು ಎದ್ದು ಹೋದದ್ದನ್ನು ನಾನು ಮರೆತಿಲ್ಲ. ಯಾವುದಕ್ಕೂ ಜಗ್ಗದ ಹೆಂಗಸು ಆ ಒಂದು ವರ್ಷದಲ್ಲಿ ಅರ್ಧವಾಗಿ ಹೋದರು.

ಮುಂದೆ ಮಗಳು ಓದು ಮುಗಿಸಿ ಶಿಕಾಗೋ ಪಕ್ಕದ ಡೆಸ್ ಪ್ಲೇನ್ಸ್‌ನಲ್ಲಿ ವಿಮಾನ ಸರಕಿನ ಕಂಪನಿಯೊಂದನ್ನು ಸೇರಿದಳು. ಅಲ್ಲಿ ಜೊತೆಗೆ ಕೆಲಸ ಮಾಡುವ ಜರ್ಮನಿಯ ಹುಡುಗನನ್ನು ಮದುವೆಯಾಗುತ್ತೇನೆ ಎಂದು ಹೇಳಲು ನೋವೈಗೆ ಬಂದ ದಿನ ನಾನೂ ಆ ಊಟದ ಮೇಜಿನಲ್ಲಿದ್ದೆ. ಹುಡುಗನ ಅಪ್ಪ ಅಮ್ಮ ಒಂದು ಹಳೇ ಪುಟ್ಟ ಊರಿನಲ್ಲಿ, ಕೋಟೆಯ ಒಳಗೆ, ಪ್ರವಾಸಿಗರಿಗೆಂದು ನಾಲ್ಕಾರು ಕೋಣೆಗಳ ವಸತಿ ಗೃಹ ನಡೆಸುತ್ತಾರೆ ಎಂದು ಫೋನಿನಲ್ಲಿ ಅದರ ಚಿತ್ರಗಳನ್ನೆಲ್ಲ ತೋರಿಸಿದಳು. ಆಮೇಲೆ ಫೋನು ಕೆಳಗಿಟ್ಟು ತಾಯಿಯ ಕೈ ಹಿಡಿದುಕೊಂಡಳು. ಅವಳು ಆಡಿದ್ದೆಲ್ಲ ಇಂಗ್ಲಿಷ್, ಅರ್ಥ ಮಾತ್ರ ನನ್ನದು: "ಅಮ್ಮಾ, ಇವನನ್ನ ವಿಚಾರಣೆ ಮಾಡಲ್ಲ ಅಂತ ಮಾತು ಕೊಡು. ಇನ್ನೊಂದು ಸಲ ಹಾಗೆ ಮಾಡಿದರೆ ನಾನು ಈ ಮನೆ ಹೊಸ್ತಿಲು ತುಳಿಯಲ್ಲ."

ವೈನಿ ನನ್ನ ಎದುರಿಗೇ ಮಾತು ಕೊಟ್ಟರು. ಅವಳು ತಮಾಷೆಗೆ ಹೇಳುತ್ತಿಲ್ಲ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು.

ಅದಾದ ಮೇಲೆ ಒಂದು ಬೇಸಿಗೆಯಲ್ಲಿ ನಾನೂ ವೈನಿಯೂ ಒಟ್ಟಿಗೆ ಊರಿಗೆ ಹೊರಟೆವು. ಡೆಟ್ರಾಯಿಟ್‌ನಿಂದ ಫ್ರಾಂಕ್‌ಫರ್ಟ್, ಅಲ್ಲಿಂದ ಬೆಂಗಳೂರು. "ಎರಡು ದಿವಸ ನಡುವ ಇಳಿಯೋಣು. ಟೂರಿಸ್ಟ್ ಆಗಿ ಒಂದು ಹಳೇ ಊರು ನೋಡೋಣು. ನೀನ ಬುಕ್ ಮಾಡು, ನನ್ನ ಕಾರ್ಡ್ ಯಾಕೋ ನಡೀವಲ್ದು," ಎಂದು ಒಂದು ಲಿಂಕು ಕಳಿಸಿದರು. ಚಿತ್ರದಲ್ಲಿ ಹಳೇ ಮರದ ಮನೆ, ಕಿಟಕಿಯಲ್ಲಿ ಕೆಂಪು ಹೂವು. ಜರ್ಮನಿಯ ಹಳೇ ಊರಿನ ಮನೆಗಳೆಲ್ಲ ಹಾಗೇ ಇರುತ್ತವೆ ಎಂದುಕೊಂಡು ಪೆದ್ದಿಯ ಹಾಗೆ ಬುಕ್ ಮಾಡಿದೆ. ವಿಮಾನ ನಿಲ್ದಾಣಕ್ಕೆ ವೈನಿ ಪ್ಯಾಂಟು, ಸ್ನೀಕರ್ಸು, ಮಿಶಿಗನ್ ಎಂದು ಬರೆದ ನೀಲಿ ಟೋಪಿ ಹಾಕಿಕೊಂಡು ಬಂದಾಗಲಾದರೂ ನನಗೆ ಹೊಳೆಯಬೇಕಿತ್ತು. ಹಿಮ ಬೀಳುವಾಗಲೂ ಇಳಕಲ್ ಸೀರೆಯ ಮೇಲೆ ಜಾಕೆಟ್ ಹಾಕುವ ಹೆಂಗಸು ಅವರು.

ಫ್ರಾಂಕ್‌ಫರ್ಟಿನಿಂದ ರೈಲು ಹಿಡಿದು, ಎರಡು ಕಡೆ ಬದಲಾಯಿಸಿ, ಕೊನೆಯ ಪುಟ್ಟ ರೈಲಿನಲ್ಲಿ ಕೂತ ಮೇಲೆ ಬಾಯಿ ಬಿಟ್ಟರು.

"ಏ ಮೈಸೂರು, ಒಂದು ಮಾತು. ನಾವು ಇಳಕೊಳ್ಳೋ ಮನಿ ಬೀಗರದು."

ನನಗೆ ಮೊದಲು ಅರ್ಥವಾಗಲಿಲ್ಲ. ಆದಾಗ ಕೂತಲ್ಲಿಂದ ಎದ್ದು ನಿಂತೆ. "ವೈನಿ! ನೀವು ಅವಳಿಗೆ ಮಾತು ಕೊಟ್ಟಿದ್ರಿ. ನಾನೇ ಕೂತು ನೋಡಿದೀನಿ."

"ಹುಡುಗನ್ನ ವಿಚಾರಸೂದಿಲ್ಲ ಅಂತ ಕೊಟ್ಟೀನಿ. ಮನಿತನಾ ವಿಚಾರಸೂದಿಲ್ಲ ಅಂತ ಕೊಟ್ಟಿಲ್ಲ."

"ಅವಳ ಹತ್ರ ಈ ಲಾಯರ್ ಮಾತು ನಡೆಯುತ್ತಾ?"

"ಅದಕ್ಕ ಆಕಿಗೆ ಗೊತ್ತಾಗಬಾರದು," ಎಂದು ಟೋಪಿಯನ್ನು ಇನ್ನಷ್ಟು ಕೆಳಗೆ ಎಳೆದುಕೊಂಡರು. "ಫ್ರಾಂಕ್‌ಫರ್ಟ್ ಏರ್‌ಪೋರ್ಟ್ ಹೋಟೆಲಿನಾಗ ಇರ್ತೀವಿ ಅಂತ ಹೇಳೀನಿ."

ವಾಪಸು ಹೋಗೋಣವೆಂದರೆ ಆ ರೈಲು ಮತ್ತೆ ಸಂಜೆಗೇ ಇದ್ದದ್ದು.

ಊರೇನೋ ಸೊಗಸಾಗಿತ್ತು. ಸುತ್ತ ಕಲ್ಲಿನ ಕೋಟೆ, ಕಾರು ಕನ್ನಡಿ ಮಡಿಸಿಕೊಂಡು ನುಸುಳಬೇಕಾದ ಹೆಬ್ಬಾಗಿಲು, ಒಂದರ ಹೆಗಲ ಮೇಲೆ ಒಂದು ಒರಗಿದ ಮರದ ತೊಲೆಗಳ ಮನೆಗಳು. ನಮ್ಮ ಸೂಟ್‌ಕೇಸಿನ ಗಾಲಿಗಳು ಕಲ್ಲು ಹಾಸಿನ ಬೀದಿಯಲ್ಲಿ ಇಡೀ ಊರನ್ನು ಎಬ್ಬಿಸುವಂತೆ ಸದ್ದು ಮಾಡಿದವು. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎನ್ನುತ್ತಾರಲ್ಲ, ನನಗೆ ಪ್ರತಿ ಕಿಟಕಿಯಿಂದಲೂ ಯಾರೋ ನಮ್ಮನ್ನೇ ನೋಡುತ್ತಿದ್ದಾರೆ ಅನ್ನಿಸಿತು. ವೈನಿ ಮಾತ್ರ ಅಪ್ಪಟ ಟೂರಿಸ್ಟಿನ ಹಾಗೆ ತಲೆಯೆತ್ತಿ ಗೋಪುರದ ಗಡಿಯಾರ ನೋಡುತ್ತಾ, ಒಂದು ಮನೆಯ ತೊಲೆಯ ಸಂದಿಗೆ ಬೆರಳು ಹಾಕಿ, "ಸೊಟ್ಟ ಅದ. ಆದರ ಬಿಗಿ ಅದ," ಎಂದರು.

ಬಾಗಿಲು ತೆಗೆದದ್ದು ಹುಡುಗನ ತಾಯಿ. ಆಕೆಯನ್ನು ಯಜಮಾನಿ ಎಂದು ಕರೆಯುತ್ತೇನೆ. ವೈನಿಯದೇ ವಯಸ್ಸು, ಗಿಡ್ಡ ಕೂದಲು, ಹಿಟ್ಟು ಮೆತ್ತಿದ ಕೈ. ನಿಧಾನವಾಗಿ, ಒಂದೊಂದೇ ಪದ ಹುಡುಕಿ ಇಂಗ್ಲಿಷ್ ಮಾತಾಡುತ್ತಿದ್ದರು. ನನ್ನ ಹೆಸರು ಕೇಳಿ, ಕೀಲಿ ಕೊಟ್ಟು, ಕಾಫಿ ಕುಡಿಯಿರಿ ಎಂದು ತಿಂಡಿಯ ಕೋಣೆಗೆ ಕರೆದೊಯ್ದರು. ಅಲ್ಲಿ ಕಾಲಿಡುತ್ತಲೇ ವೈನಿ ನಿಂತುಬಿಟ್ಟರು.

ಗೋಡೆಯ ಮೇಲೆ ವೈನಿಯ ಮಗಳ ದೊಡ್ಡ ಫೋಟೋ. ಮಿಶಿಗನ್ ಸರೋವರದ ದಂಡೆಯಲ್ಲಿ ಆ ಹುಡುಗನ ಪಕ್ಕ ನಗುತ್ತಿದ್ದಾಳೆ. ಅದರ ಕೆಳಗಿನ ಮೇಜಿನ ಮೇಲೆ ಕೆಂಪು ದಾರದ ಕಸೂತಿಯ ಹಾಸು. ಗೋಪುರ, ತುಳಸಿಕಟ್ಟೆ, ಸಾಲು ಆನೆ. ಅದನ್ನು ವೈನಿ ಎರಡು ಚಳಿಗಾಲ ಕೂತು ಹಾಕಿದ್ದನ್ನು ನಾನು ನೋಡಿದ್ದೆ. ಧಾರವಾಡದ ಕಸೂತಿಯಲ್ಲಿ ಗವಂತಿ ಎಂಬ ಹೊಲಿಗೆ ಇದೆ, ಹಿಂದೆ ಗಂಟು ಕಾಣಿಸಬಾರದು, ಮುಂದೂ ಹಿಂದೂ ಒಂದೇ ಇರಬೇಕು. ಮಗಳ ಹೊಸ ಮನೆಗೆಂದು ಕೊಟ್ಟ ಆ ಹಾಸನ್ನು ಅವಳು ಇಲ್ಲಿಗೆ ಕೊಟ್ಟಿದ್ದಾಳೆ.

"ನನ್ನ ಮಗನ ಹುಡುಗಿ," ಎಂದು ಯಜಮಾನಿ ಫೋಟೋ ತೋರಿಸಿದರು. "ಇಂಡಿಯನ್. ನಿಮ್ಮ ಕಡೆಯವಳೇ, ಶಿಕಾಗೋದಲ್ಲಿದ್ದಾಳೆ. ಗೊತ್ತೇ?"

ವೈನಿ ಫೋಟೋದ ಹತ್ತಿರ ಹೋಗಿ, ಬೇರೆಯವರ ಮಗಳನ್ನು ನೋಡುವ ಹಾಗೆ ನೋಡಿ, ಇಂಗ್ಲಿಷಿನಲ್ಲಿ "ಒಳ್ಳೇ ಹುಡುಗಿ. ಸ್ವಲ್ಪ ಸಣ್ಣ ಆಗಿದ್ದಾಳೆ," ಎಂದರು. ಸಣ್ಣ ಆಗಿದ್ದಾಳೆ ಎನ್ನಬೇಕಾದರೆ ಮೊದಲು ಕಂಡಿರಬೇಕಲ್ಲ, ನಾನು ಅವಸರವಾಗಿ ಕಾಫಿಗೆ ಹಾಲು ಬೇಕು ಎಂದೆ. ಯಜಮಾನಿಯ ಗಂಡ ಅಷ್ಟರಲ್ಲಿ ಹಿತ್ತಲಿನಿಂದ ಇಣುಕಿ ತಲೆಯಾಡಿಸಿ ಹೋದರು. ಆ ಎರಡು ದಿನದಲ್ಲಿ ಅವರು ಆಡಿದ್ದು ಗುಡ್ ಮಾರ್ನಿಂಗ್ ಒಂದೇ.

ಮೂಲೆಯ ಆನೆಯೊಂದರ ಕಾಲಿನ ದಾರ ಕಿತ್ತು ನೇತಾಡುತ್ತಿತ್ತು. ವೈನಿಯ ಕಣ್ಣು ಅಲ್ಲೇ ನೆಟ್ಟಿತ್ತು.

ಬೆಳಿಗ್ಗೆ ನಾನು ಎದ್ದಾಗ ವೈನಿ ಹಾಸಿಗೆಯಲ್ಲಿರಲಿಲ್ಲ. ಕೆಳಗಿಳಿದು ನೋಡಿದರೆ, ಮನೆಯವರು ಏಳುವ ಮೊದಲೇ, ತಿಂಡಿಯ ಕೋಣೆಯ ಕಿಟಕಿಯ ಬೆಳಕಿನಲ್ಲಿ ಕೂತು, ಪರ್ಸಿನಲ್ಲಿ ಸದಾ ಇರುವ ಸೂಜಿಯಿಂದ ಆನೆಯ ಕಾಲು ಹೊಲಿಯುತ್ತಿದ್ದಾರೆ.

"ವೈನಿ, ಏನ್ ಮಾಡ್ತಿದೀರಾ? ಯಾರಾದ್ರೂ ನೋಡಿದ್ರೆ?"

"ಕುಂಟ ಆನಿ ಮುಂದ ಕೂತು ನಾ ಹ್ಯಾಂಗ ತಿಂಡಿ ತಿನ್ನಲಿ?" ಎಂದು ಹಲ್ಲಿನಿಂದ ದಾರ ಕಡಿದರು. ಅವರ ಬಳಿ ಇದ್ದ ದಾರ ಹಾಸಿನ ಕೆಂಪಿಗಿಂತ ಒಂದು ಛಾಯೆ ಗಾಢ. ಬಲ್ಲವರಿಗೆ ಮಾತ್ರ ಕಾಣುವಷ್ಟು.

ತಿಂಡಿಗೆ ಯಜಮಾನಿ ಬಿಸಿ ಬ್ರೆಡ್ಡು, ಬೆಣ್ಣೆ, ಜಾಮು ತಂದಿಟ್ಟರು. ಇಡುವಾಗ ಒಂದು ಗಳಿಗೆ ಕೈ ತಡೆಯಿತೇ, ಅದು ನನ್ನ ಭ್ರಮೆಯೇ, ಈಗಲೂ ಹೇಳಲಾರೆ. ಆಮೇಲೆ ಕುರ್ಚಿ ಎಳೆದುಕೊಂಡು ನಮ್ಮೆದುರು ಕೂತರು.

"ನೀವು ಇಂಡಿಯಾದವರು. ಒಂದು ಮಾತು ಕೇಳಲೇ? ಈ ಹುಡುಗಿಯ ತಾಯಿ ಬಹಳ ಕಟ್ಟುನಿಟ್ಟಂತೆ. ಎಲ್ಲವನ್ನೂ ತಿರುಗಿಸಿ ನೋಡುತ್ತಾರಂತೆ. ಮದುವೆಗೆ ನಾನು ಅಲ್ಲಿಗೆ ಹೋಗಬೇಕು. ನಿಜ ಹೇಳುತ್ತೇನೆ, ನನಗೆ ಆಕೆಯನ್ನು ಕಂಡರೆ ಭಯ. ಆಕೆಗೆ ನಾನು ಒಪ್ಪಿಗೆಯಾಗಬೇಕಾದರೆ ಏನು ಮಾಡಬೇಕು?"

ನಾನು ಬ್ರೆಡ್ಡನ್ನು ನುಂಗಲೂ ಆರದೆ ಉಗುಳಲೂ ಆರದೆ ಕೂತೆ. ವೈನಿ ಚೂರಿಯಿಂದ ಬೆಣ್ಣೆ ಹಚ್ಚುತ್ತಲೇ ಇದ್ದರು, ಅದೇ ತುಂಡಿಗೆ, ಮತ್ತೆ ಮತ್ತೆ.

"ಆಕೆ ಎದುರಾದ ತಕ್ಷಣ ಊಟ ಆಯಿತಾ ಎಂದು ಕೇಳಿ," ಎಂದರು ಕೊನೆಗೆ. "ಉತ್ತರ ಏನೇ ಬರಲಿ, ತಟ್ಟೆ ಇಡಿ."

"ಅಷ್ಟೇನೇ?"

"ಅಷ್ಟೇ."

"ಅದನ್ನು ನಿಮ್ಮ ಭಾಷೆಯಲ್ಲಿ ಹೇಗೆ ಹೇಳುವುದು?"

ವೈನಿ ಹೇಳಿಕೊಟ್ಟರು. ಯಜಮಾನಿ ಎರಡು ಸಲ ತಪ್ಪಿ, ಮೂರನೆಯ ಸಲ ಸರಿಯಾಗಿ ಹೇಳಿ, ನಗುತ್ತಾ ಒಳಗೆ ಹೋದರು.

ಕೋಟೆಯ ಗೋಡೆಯ ಮೇಲೆ ಪ್ರವಾಸಿಗರು ಸುತ್ತಲು ಒಂದು ಮರದ ಚಾವಣಿಯ ದಾರಿ ಇದೆ. ಆ ದಿನ ಅಲ್ಲಿ ನಡೆಯುತ್ತಾ ನಾನು ವೈನಿಯ ಮೇಲೆ ರೇಗಿದೆ. ನನ್ನ ಭಯವೆಲ್ಲ ಸಿಟ್ಟಾಗಿ ಹೊರಬಂತು. "ನೀವು ಮಾಡ್ತಿರೋದು ತಪ್ಪು ವೈನಿ. ಒಂದು ವರ್ಷ ಏನು ಅನುಭವಿಸಿದ್ರಿ ಅಂತ ನಾನು ಕಂಡಿದೀನಿ. ಈ ಸಲ ಅವಳು ಹೋದ್ರೆ ವಾಪಸ್ ಬರಲ್ಲ."

"ಗೊತ್ತದ."

"ಮತ್ಯಾಕೆ ಬಂದ್ರಿ?"

ಗೋಡೆಯಲ್ಲಿ ಹಿಂದಿನ ಕಾಲದವರು ಬಾಣ ಬಿಡಲು ಇಟ್ಟ ಕಿಂಡಿಯೊಂದಿತ್ತು. ವೈನಿ ಅದರಲ್ಲಿ ಹೊರಗೆ ನೋಡುತ್ತಾ ನಿಂತರು. "ನನ್ನ ಲಗ್ನದಾಗ ಯಾರೂ ವಿಚಾರಸಲಿಲ್ಲ. ಹುಡುಗ ಅಮೆರಿಕಾದಾಗ ಇದ್ದಾನ, ಅಷ್ಟ ಸಾಕಾತು ನಮ್ಮಪ್ಪಗ. ಅವರು ಛಲೋ ಮನುಷ್ಯಾನ ಇದ್ದರು ಬಿಡು. ಆದರ ವೀಸಾ ಬರೂತನಕ ನಾ ಅತ್ತೀ ಮನ್ಯಾಗ ಇದ್ದೆ. ಅಷ್ಟು ದಿವಸದಾಗ ಒಬ್ಬರೂ ನನಗ ಊಟಾ ಆತೇನು ಅಂತ ಕೇಳಲಿಲ್ಲ." ಕಿಂಡಿಯಿಂದ ಈಚೆ ತಿರುಗಿ, "ನನ್ನ ಮಗಳು ಈ ಮನೀಗೆ ಬಂದು ಹೋಗಿ ಮಾಡಾಕಿ. ಆಕಿ ಉಂಡಾಳೋ ಇಲ್ಲೋ ಕೇಳೋರು ಅದಾರೋ ಇಲ್ಲೋ, ನಾ ಸಾಯೋದರಾಗ ನೋಡಬೇಕಿತ್ತು," ಎಂದರು.

ಅಷ್ಟು ವರ್ಷದ ಒಡನಾಟದಲ್ಲಿ ಅವರು ತಮ್ಮ ಮದುವೆಯ ಮಾತು ತೆಗೆದದ್ದು ಅದೊಂದೇ ಸಲ. ನನ್ನ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ, ಕಣ್ಣು ತುಂಬಿ ಬಂತು. ಭಯ ಮಾತ್ರ ಹಾಗೇ ಉಳಿಯಿತು.

ಮಧ್ಯಾಹ್ನದ ಕಾಫಿಗೆ ವಾಪಸು ಬಂದೆವು. ಯಜಮಾನಿ ಪ್ಲಮ್ ಹಣ್ಣಿನ ಕೇಕು ಕೊಯ್ಯುತ್ತಿದ್ದರು. ಮರುದಿನ ಬೆಳಿಗ್ಗೆ ಹೊರಟುಬಿಟ್ಟರೆ ಗೆದ್ದ ಹಾಗೆ ಎಂದು ನಾನು ಮನಸ್ಸಿನಲ್ಲೇ ಚಾಮುಂಡಿಗೆ ಹರಕೆ ಹೊತ್ತುಕೊಳ್ಳುತ್ತಿದ್ದೆ. ಆಗ ಮೇಜಿನ ಮೇಲೆ ಯಜಮಾನಿಯ ಫೋನು ರಿಂಗಾಯಿತು. ವಿಡಿಯೋ ಕಾಲ್. ಪರದೆಯ ಮೇಲೆ ಆ ಹುಡುಗನ ಮುಖ. ಭಾನುವಾರ, ಶಿಕಾಗೋದಲ್ಲಿ ಬೆಳಗಿನ ಹೊತ್ತು.

ಯಜಮಾನಿ ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ ಮಗನ ಜೊತೆ ಜರ್ಮನ್‌ನಲ್ಲಿ ಮಾತಾಡಿದರು. ಒಡನೆಯೇ ಇನ್ನೊಂದು ದನಿ ಇಂಗ್ಲಿಷಿನಲ್ಲಿ ಹಾಯ್ ಎಂದಿತು. ವೈನಿಯ ಮಗಳು. ನಾವು ಕೂತದ್ದು ಫೋನಿನ ಬೆನ್ನಿನ ಕಡೆ, ಒಂದು ತೋಳಿನ ದೂರದಲ್ಲಿ. ಎದ್ದು ಹೋಗೋಣವೆಂದರೆ ಬಾಗಿಲಿಗೆ ಫೋನಿನ ಮುಂದೆಯೇ ದಾಟಿ ಹೋಗಬೇಕು. ವೈನಿ ಎರಡೂ ಕೈಯಿಂದ ಹಾಸಿನ ಅಂಚನ್ನು ಹಿಡಿದುಕೊಂಡಿದ್ದರು.

"ಗೆಸ್ಟ್ ಇದ್ದಾರಾ? ಕೇಕಿನ ಪಕ್ಕ ಎರಡು ಕಪ್ಪು ಕಾಣಿಸ್ತಿದೆ," ಎಂದಳು ಮಗಳು. ತಾಯಿಯ ಕಣ್ಣೇ ಅವಳದೂ.

"ಹೌದು. ಮಿಶಿಗನ್ನಿನಿಂದ ಇಬ್ಬರು ಹೆಂಗಸರು."

"ಮಿಶಿಗನ್ನಾ! ತೋರಿಸಿ, ತೋರಿಸಿ, ನಾನು ಹಾಯ್ ಹೇಳ್ತೀನಿ."

ಯಜಮಾನಿ ಫೋನು ಕೈಗೆತ್ತಿಕೊಂಡರು. ಪರದೆ ನಮ್ಮ ಕಡೆ ತಿರುಗತೊಡಗಿತು. ನಾನು ನಾಚಿಕೆಯಿಲ್ಲದೆ ಮೇಜಿನ ಕೆಳಗೆ ಬಗ್ಗಿ, ಬೀಳದೇ ಇದ್ದ ಚಮಚ ಹುಡುಕಿದೆ. ವೈನಿ ಬಗ್ಗಲಿಲ್ಲ. ಟೋಪಿ ತೆಗೆದು ಮಡಿಲಲ್ಲಿ ಇಟ್ಟುಕೊಂಡು, ಬಂದದ್ದು ಬರಲಿ ಎಂಬಂತೆ ಯಜಮಾನಿಯ ಮುಖವನ್ನೇ ನೋಡುತ್ತಾ ಕೂತರು. ಮಗಳನ್ನು ಕಳೆದುಕೊಳ್ಳಲು ಸಿದ್ಧವಾಗಿ ಕೂತ ತಾಯಿಯ ಮುಖ ಹೇಗಿರುತ್ತದೆ ಎಂದು ನಾನು ಮೇಜಿನ ಅಂಚಿನಿಂದ ಕಂಡೆ. ಇನ್ನೊಮ್ಮೆ ಕಾಣುವುದು ಬೇಡ.

ಫೋನು ಅರ್ಧ ತಿರುಗಿ ನಿಂತಿತು. ಆಮೇಲೆ ನಿಧಾನವಾಗಿ ಕಿಟಕಿಯ ಕಡೆ ಹೋಯಿತು.

"ಅಯ್ಯೋ, ಇಲ್ಲ. ಅವರು ಆಗಲೇ ಕೋಟೆ ನೋಡಲು ಹೋದರು," ಎಂದರು ಯಜಮಾನಿ. "ಟೂರಿಸ್ಟುಗಳು ಒಂದು ಕಡೆ ಕೂರುತ್ತಾರೆಯೇ? ನೋಡು, ಕಿಟಕಿಯ ಹೂವು ಎಷ್ಟು ಬಂದಿದೆ."

ಹೂವು ತೋರಿಸಿ, ಬೆಕ್ಕನ್ನು ತೋರಿಸಿ, ಫೋನು ಇಟ್ಟರು. ಅವರು ಬಂದು ಹಾಸಿನ ಮೂಲೆಯನ್ನು ಮಗುಚಿ, ಆನೆಯ ಕಾಲಿನ ಮೇಲೆ ಬೆರಳಿಟ್ಟರು.

"ನಾನೂ ಚಿಕ್ಕಂದಿನಿಂದ ಹೊಲಿಯುತ್ತೇನೆ. ಇದನ್ನು ಸರಿ ಮಾಡಲು ಎಷ್ಟೋ ಸಲ ಕೂತೆ, ಹಿಂದೆ ಗಂಟು ಕಾಣದ ಹಾಗೆ ನನ್ನಿಂದ ಆಗಲಿಲ್ಲ. ಈ ಹೊಲಿಗೆ ನಮ್ಮಮ್ಮನಿಗೆ ಮಾತ್ರ ಬರುತ್ತದೆ ಎಂದು ನಿಮ್ಮ ಮಗಳು ಹೇಳಿದ್ದಳು." ಮೂಲೆಯನ್ನು ಮತ್ತೆ ಸರಿಮಾಡಿಟ್ಟು, "ನೀವು ಕೊಟ್ಟ ಮಾತಿನ ವಿಷಯವನ್ನೂ ಅವಳು ಹೇಳಿದ್ದಾಳೆ. ಅದಕ್ಕೇ ಫೋನು ತಿರುಗಿಸಿದೆ," ಎಂದರು.

ವೈನಿ ಮಡಿಲಿನ ಟೋಪಿಯನ್ನು ಮೇಜಿನ ಮೇಲಿಟ್ಟರು. ಆಮೇಲೆ ಇಂಗ್ಲಿಷಿನಲ್ಲಿ, ತಲೆ ತಗ್ಗಿಸದೆ, "ನಾನು ನಿಮ್ಮ ಮನೆ ನೋಡಲು ಬಂದೆ," ಎಂದರು.

"ನೋಡಿದಿರಾ?"

ವೈನಿ ತಲೆಯಾಡಿಸಿದರು. ಯಜಮಾನಿ ಅವರ ಮುಂದೆ ಇನ್ನೊಂದು ತಟ್ಟೆ ಇಟ್ಟು, ಬೆಳಿಗ್ಗೆ ಕಲಿತ ಕನ್ನಡದಲ್ಲಿ, ಅಕ್ಷರ ಅಕ್ಷರ ಬಿಡಿಸಿ, "ಊಟಾ ಆತೇನ್ರಿ?" ಎಂದರು. ವೈನಿ ಅತ್ತದ್ದನ್ನು ನಾನು ಅಂದು ಮೊದಲ ಸಲ ನೋಡಿದೆ.

ವಾಪಸು ಬರುವಾಗ ರೈಲಿನಲ್ಲಿ ತಡೆಯಲಾರದೆ ಕೇಳಿದೆ. "ವರದಿ ಏನು ವೈನಿ?"

ಕಿಟಕಿಯಲ್ಲಿ ಕೋಟೆ ಮರೆಯಾಗುವವರೆಗೆ ನೋಡಿ ಹೇಳಿದರು: "ಸುಳ್ಳು ಹೇಳಲಿಕ್ಕೆ ಬರ್ತದ ಆಕಿಗೆ. ಆದರ ತನ್ನ ಸಲುವಾಗಿ ಹೇಳೂದಿಲ್ಲ."

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತದೆ ನಮ್ಮ ಗಾದೆ. ಈ ಮದುವೆಗೆ ಹೇಳಿದ ಒಂದು ಸುಳ್ಳನ್ನು ಇಬ್ಬರು ತಾಯಂದಿರೂ ಕೊನೆಯವರೆಗೆ ಕಾಯ್ದರು. ನೋವೈ ದೇವಸ್ಥಾನದ ಹಾಲ್‌ನಲ್ಲಿ ನಡೆದ ಮದುವೆಯಲ್ಲಿ ಹೊಸಬರ ಹಾಗೆ ಕೈಕುಲುಕಿದರು. "ನಿಮ್ಮೂರು ಭಾಳ ಛಂದ ಅದಂತ. ಒಮ್ಮೆ ಬರಬೇಕು," ಎಂದು ವೈನಿ ಮೊದಲು ಕನ್ನಡದಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ ಹೇಳಿದಾಗ ನನಗೆ ಕೆಮ್ಮು ಬಂತು. ಮಗಳು ನೀರು ತಂದುಕೊಟ್ಟಳು. ಪಾಪ, ಅವಳಿಗೇನು ಗೊತ್ತು ಎಂದುಕೊಂಡೆ.

ಹೋದ ಚಳಿಗಾಲದಲ್ಲಿ ವೈನಿ ತೀರಿಕೊಂಡರು. ಬಹಳ ನರಳಲಿಲ್ಲ. ಆಸ್ಪತ್ರೆಯ ಹಾಸಿಗೆಯಲ್ಲೂ ನರ್ಸ್ ಹೊದಿಸಿದ ಹೊದಿಕೆಯ ತುದಿಯನ್ನು ಮಗುಚಿ ನೋಡುತ್ತಿದ್ದರು. ಪಕ್ಕದ ಮನೆಯ ಅಡುಗೆಮನೆಯಲ್ಲಿ ಈಗ ದೀಪ ಹತ್ತುವುದಿಲ್ಲ. ಸಂಜೆ ಪಾತ್ರೆ ತೊಳೆಯುವಾಗ ಆ ಕಿಟಕಿಯ ಕಡೆ ನೋಡುವುದನ್ನು ನಾನಿನ್ನೂ ಬಿಟ್ಟಿಲ್ಲ.

ಹದಿಮೂರನೆಯ ದಿನ ಅವರ ಮನೆಯಲ್ಲಿ ಎಲ್ಲರೂ ಸೇರಿದ್ದೆವು. ಜರ್ಮನಿಯಿಂದ ಯಜಮಾನಿ ಬಂದಿದ್ದರು. ಬಂದವರೇ ಸೊಸೆಯನ್ನು ಕೂರಿಸಿ, "ಊಟಾ ಆತೇನು?" ಎಂದು ಕೇಳಿ ತಟ್ಟೆ ಕೊಟ್ಟರು. ವೈನಿಯ ಫೋಟೋ ಇಡಲು ಮೇಜಿಗೆಂದು ಆ ಕಸೂತಿಯ ಹಾಸನ್ನು ತಂದಿದ್ದರು. ಒಬ್ಬೊಬ್ಬರಾಗಿ ವೈನಿಯ ವಿಚಾರಣೆಯ ಕಥೆಗಳನ್ನು ಹೇಳಿ ನಗುತ್ತಾ ಅಳುತ್ತಾ ಇದ್ದಾಗ ಮಗಳು ಎದ್ದು ನಿಂತಳು.

"ಅಮ್ಮ ಎಲ್ಲರನ್ನೂ ಚೆಕ್ ಮಾಡಿದಳು," ಎಂದಳು ಇಂಗ್ಲಿಷಿನಲ್ಲಿ. "ನನ್ನ ಮದುವೆಯೊಂದನ್ನು ಬಿಟ್ಟು. ಅತ್ತೆಯ ಊರನ್ನು ಅವಳು ನೋಡಲೇ ಇಲ್ಲ. ಆ ಒಂದು ಸಲ ನನ್ನನ್ನ ನಂಬಿದಳು. ನನಗೆ ಅಷ್ಟು ಸಾಕು."

ಯಜಮಾನಿಯೂ ನಾನೂ ಒಬ್ಬರನ್ನೊಬ್ಬರು ನೋಡಲಿಲ್ಲ. ನೋಡಿದ್ದರೆ ಕೆಟ್ಟಿತ್ತು.

ಮಗಳು ಹಾಸನ್ನು ಮೇಜಿನ ಮೇಲೆ ಹರಡಿದಳು. ಸುಕ್ಕು ತೆಗೆಯುತ್ತಾ, ತಾಯಿಯ ಹಾಗೇ, ತನಗೇ ಗೊತ್ತಿಲ್ಲದೆ, ಮೂಲೆ ಹಿಡಿದು ಮಗುಚಿ ಹೆಬ್ಬೆರಳಿನಿಂದ ಸವರಿದಳು. ಹೆಬ್ಬೆರಳು ಆನೆಯ ಕಾಲಿನ ಮೇಲೆ ನಿಂತಿತು. ಬಗ್ಗಿ ನೋಡಿದಳು. ಮುಂದಿನ ಬದಿ ನೋಡಿದಳು, ಮತ್ತೆ ಹಿಂದಿನ ಬದಿ. ಎಲ್ಲೂ ಗಂಟಿರಲಿಲ್ಲ.

"ಈ ಕೆಂಪು ಬೇರೆ," ಎಂದಳು. "ಇದನ್ನ ಯಾರು ರಿಪೇರಿ ಮಾಡಿದ್ದು?"

ಯಜಮಾನಿ ಮೆಲ್ಲಗೆ, "ಒಬ್ಬ ಅತಿಥಿ. ಟೂರಿಸ್ಟ್," ಎಂದರು.

ಅವಳು ತಲೆಯೆತ್ತಿ ಅತ್ತೆಯನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ನಾನು ನೆಲ ನೋಡಿದೆ. ಕೋಣೆಯಲ್ಲಿ ಉಳಿದವರು ತಮ್ಮ ತಮ್ಮ ಮಾತಿನಲ್ಲಿದ್ದರು. ಅವಳ ಹೆಬ್ಬೆರಳು ಆ ಹೊಲಿಗೆಯ ಮೇಲೆ ಇನ್ನೊಮ್ಮೆ ಹೋಗಿ ಬಂತು. ಹುಟ್ಟಿದಂದಿನಿಂದ ತಾಯಿಗೆ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟ ಹುಡುಗಿ, ತಾಯಿಯದೇ ಧಾಟಿಯಲ್ಲಿ, "ಛಲೋ ಹೊಲದಾರ," ಎಂದಳು. ಆ ಮೂಲೆ ಎಲ್ಲರಿಗೂ ಎದುರಾಗುವ ಹಾಗೆ ಹಾಸನ್ನು ತಿರುಗಿಸಿ, ಅದರ ಮೇಲೆ ಅಮ್ಮನ ಫೋಟೋ ಇಟ್ಟಳು.